ಬಸ್ ಅನುದಾನಕ್ಕೆ ತಲೆಯೆಣಿಕೆಯೊಂದೇ ಸಾಕೇ?

ಪರ

ಅಮೆರಿಕದ ಒಕ್ಕೂಟ ಸರ್ಕಾರವು ಸಾರ್ವಜನಿಕ ಸಾರಿಗೆಗೆ ಹಣ ಹಂಚುವಾಗ ಜನಸಂಖ್ಯೆಯನ್ನೇ ಗೆರೆಯಾಗಿ ಇಟ್ಟುಕೊಂಡಿದೆ. ಜನಗಣತಿಯು ಗುರುತಿಸಿದ ನಗರ ಪ್ರದೇಶದಲ್ಲಿ 50,000ಕ್ಕಿಂತ ಕಡಿಮೆ ಜನರಿದ್ದರೆ ಅದು ಗ್ರಾಮೀಣ, ಅಲ್ಲಿಂದ 2 ಲಕ್ಷದೊಳಗೆ ಸಣ್ಣ ನಗರ, ಅದರಾಚೆಗೆ ದೊಡ್ಡ ನಗರ. ಗೆರೆ ಒರಟಾಗಿದೆ, ನಿಜ. ಆದರೆ ಯಾರು ಬೇಕಾದರೂ ತೆಗೆದು ನೋಡಬಹುದಾದ ಈ ಅಂಕಿಯ ಜಾಗದಲ್ಲಿ ‘ಅಗತ್ಯ’, ‘ದುರ್ಗಮತೆ’ಯಂಥ ಅಳತೆಗಳನ್ನು ತಂದರೆ, ಪ್ರತಿಯೊಂದು ರಾಜ್ಯವೂ ತನಗೆ ಲಾಭವಾಗುವ ವ್ಯಾಖ್ಯೆಗೆ ಪಟ್ಟು ಹಿಡಿಯುತ್ತದೆ. ಅಲ್ಲದೆ ಗ್ರಾಮೀಣ ಅನುದಾನದ ಸೂತ್ರವು ಭೂವಿಸ್ತೀರ್ಣವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಆ ಹಣ ರಾಜ್ಯಗಳ ಮೂಲಕವೇ ಹಂಚಿಕೆಯಾಗುವುದರಿಂದ ಊರೂರಿನ ವ್ಯತ್ಯಾಸವನ್ನು ಗಮನಿಸಲು ಅಲ್ಲಿ ಅವಕಾಶವಿದೆ.

ವಿರೋಧ

ಆ ಅಂಕಿಯೂ ಅಷ್ಟೇನೂ ಗಟ್ಟಿಯಲ್ಲ. 2020ರ ಜನಗಣತಿಗೆ ನಗರದ ಎಲ್ಲೆಗಳನ್ನು ಮನೆಗಳ ದಟ್ಟಣೆಯ ಆಧಾರದಲ್ಲಿ ಹೊಸದಾಗಿ ಎಳೆಯಲಾಯಿತು. ಸಾರಿಗೆಯ 50,000ದ ಗೆರೆ ಕದಲಲಿಲ್ಲ, ಎಣಿಸುವ ನೆಲ ಮಾತ್ರ ಬದಲಾಯಿತು.

ತಲಾ 40,000 ಜನರಿರುವ ಎರಡು ಊರುಗಳನ್ನು ಊಹಿಸಿಕೊಳ್ಳೋಣ. ಒಂದರಲ್ಲಿ ವಿಶ್ವವಿದ್ಯಾಲಯವಿದೆ, ತರಗತಿ ಬಿಟ್ಟಾಗಲೆಲ್ಲ ಬಸ್ಸು ತುಂಬುತ್ತದೆ. ಇನ್ನೊಂದರಲ್ಲಿ ಗಾಲಿಕುರ್ಚಿ ಎತ್ತುವ ಲಿಫ್ಟ್ ಇರುವ ವ್ಯಾನೊಂದು, ಹೊರವಲಯದ ಡಯಾಲಿಸಿಸ್ ರೋಗಿಯೊಬ್ಬರನ್ನು ವಾರಕ್ಕೆ ಮೂರು ಸಲ ನಸುಕಿನಲ್ಲೇ ಹತ್ತಿಸಿಕೊಂಡು ನೂರು ಕಿಲೋಮೀಟರ್ ಓಡಬೇಕು, ನಾಲ್ಕು ಗಂಟೆ ಕಾಯಬೇಕು, ಮತ್ತೆ ಮನೆ ಮುಟ್ಟಿಸಬೇಕು. ಇಷ್ಟಾದರೂ ದಿನದ ಲೆಕ್ಕದಲ್ಲಿ ಕಾಣುವುದು ಎರಡು ಪ್ರಯಾಣ. ಇವೆರಡನ್ನೂ ‘ಗ್ರಾಮೀಣ’ ಎಂಬ ಒಂದೇ ಕಡತದಲ್ಲಿ ಇಟ್ಟು ಪ್ರತಿ ಪ್ರಯಾಣದ ವೆಚ್ಚವನ್ನು ಹೋಲಿಸಿದರೆ ಎರಡನೆಯದು ಅದಕ್ಷವೆನ್ನಿಸಿಕೊಳ್ಳುತ್ತದೆ. ನನಗೆ ಇದು ಲೆಕ್ಕದ ತಪ್ಪಲ್ಲ, ವಿಂಗಡಣೆಯ ತಪ್ಪೆಂದೇ ತೋರುತ್ತದೆ.

ಗೆರೆ ದಾಟಿದವರ ಪಾಡೂ ಸುಲಭವಲ್ಲ. ಜನಸಂಖ್ಯೆ 2 ಲಕ್ಷ ಮೀರಿತೆಂದರೆ ನಗರ ಅನುದಾನವನ್ನು ಚಾಲಕರ ಸಂಬಳಕ್ಕೆ, ಡೀಸೆಲ್ಲಿಗೆ ಬಳಸುವ ಅವಕಾಶ ಸಾಮಾನ್ಯವಾಗಿ ಮುಚ್ಚಿಹೋಗುತ್ತದೆ. ದಟ್ಟಣೆಯ ಹೊತ್ತಿನಲ್ಲಿ 100ಕ್ಕಿಂತ ಹೆಚ್ಚು ಬಸ್ಸು ಓಡಿಸದ ಸಂಸ್ಥೆಗಳಿಗೆ ಮಾತ್ರ ಸೀಮಿತ ವಿನಾಯಿತಿಯಿದೆ. ತಲೆಯೆಣಿಕೆಯೊಂದೇ ಸಾಲದೆಂದು ಈ ವಿನಾಯಿತಿಯ ಮೂಲಕ ಕಾನೂನೇ ಒಪ್ಪಿಕೊಂಡಂತಾಯಿತಲ್ಲವೇ? ಬೇರೆ ಅಳತೆಗಾಗಿ ದೂರ ಹುಡುಕಬೇಕಾಗಿಯೂ ಇಲ್ಲ: ಜನರು ಕೆಲಸಕ್ಕೆ ಎಲ್ಲಿಂದ ಎಲ್ಲಿಗೆ ಹೋಗಿಬರುತ್ತಾರೆ ಎಂಬುದನ್ನೂ ಗಣಿಸಿ ಅಲ್ಲಿನ ಕೃಷಿ ಇಲಾಖೆ ಪ್ರದೇಶಗಳನ್ನು ಹತ್ತು ಮುಖ್ಯ ವರ್ಗಗಳಾಗಿ ವಿಂಗಡಿಸಿದೆ, ಮತ್ತು ಅದಕ್ಕೆ ಬೇಕಾದ ಮಾಹಿತಿಯನ್ನು ಜನಗಣತಿ ಸಂಸ್ಥೆಯೇ ಸಂಗ್ರಹಿಸುತ್ತಿದೆ.