ಭೇಷ್ ಅನ್ನುವುದಕ್ಕೂ ಒಂದು ಟಾರ್ಗೆಟ್

ಆ ಮೇಲ್ ನಿಮಗೂ ಬಂದಿರುತ್ತದೆ. "ಈ ಕ್ವಾರ್ಟರ್‌ನಲ್ಲಿ ನೀವು ಇನ್ನೂ ಯಾವ ಸಹೋದ್ಯೋಗಿಗೂ ಮೆಚ್ಚುಗೆ ಸೂಚಿಸಿಲ್ಲ. ಶುಕ್ರವಾರ ಸಂಜೆಯೊಳಗೆ ಕನಿಷ್ಠ ಐದು ಮಂದಿಗೆ ಸೂಚಿಸಿ." ಕೆಳಗೊಂದು ಆ್ಯಪ್‌ನ ಲಿಂಕ್. ಒತ್ತಿದರೆ ಚಪ್ಪಾಳೆ, ನಕ್ಷತ್ರ, ರಾಕೆಟ್ ಚಿತ್ರಗಳು. ರಾಕೆಟ್ ಯಾಕೆ ಅಂತ ನನ್ನನ್ನು ಕೇಳಬೇಡಿ. ಮನುಷ್ಯನ ಒಳ್ಳೆಯ ಕೆಲಸಕ್ಕೂ ರಾಕೆಟ್‌ಗೂ ಏನೋ ನಂಟಿದೆ ಅಂತ ಎಚ್‌ಆರ್ ವಿಭಾಗದವರು ಬಲವಾಗಿ ನಂಬಿದ್ದಾರೆ.

ಮೆಚ್ಚಿಕೊಳ್ಳಿ ಅಂತ ಆದೇಶ ಬಂದ ಮೇಲೆ ಏನಾಗಬೇಕೋ ಅದೇ ಆಗುತ್ತದೆ. ಪಕ್ಕದ ಸೀಟಿನವರು ಮೆಲ್ಲಗೆ ಬಗ್ಗಿ, "ನೀವು ನನಗೆ ಹಾಕಿ, ನಾನು ನಿಮಗೆ ಹಾಕ್ತೀನಿ" ಅನ್ನುತ್ತಾರೆ. ವ್ಯವಹಾರ ಕುದುರುತ್ತದೆ. 'ಸದಾ ನೆರವಿಗೆ ಬರುತ್ತಾರೆ, ಒಳ್ಳೆಯ ಟೀಮ್ ಪ್ಲೇಯರ್.' ಐದೂ ಮಂದಿಗೆ ಅದೇ ವಾಕ್ಯ. ಅದರಲ್ಲಿ ಒಬ್ಬರು ಯಾವ ಟೀಮ್ ಅಂತ ಬರೆದವರಿಗೇ ಗೊತ್ತಿರುವುದಿಲ್ಲ. ಆಮೇಲೆ ಮೇಲಿನವರಿಗೆ ಗ್ರಾಫ್ ಹೋಗುತ್ತದೆ: ನಮ್ಮಲ್ಲಿ ಮೆಚ್ಚುಗೆಯ ಸಂಸ್ಕೃತಿ ಭರದಿಂದ ಬೆಳೆಯುತ್ತಿದೆ. ಗ್ರಾಫ್ ಮಾಡಿದವರಿಗೆ ಒಂದು ಪ್ರಶಸ್ತಿ. ಅದಂತೂ ನ್ಯಾಯವೇ, ಇಡೀ ವ್ಯವಹಾರದಲ್ಲಿ ನಿಜವಾಗಿ ಕೆಲಸ ಮಾಡಿದ್ದು ಅವರೊಬ್ಬರೇ.

ಮೆಚ್ಚುಗೆಗೆ ಆಸೆಪಡುವುದನ್ನು ನಾನು ಗೇಲಿ ಮಾಡುತ್ತಿಲ್ಲ. ಯಾರಾದರೂ 'ನಿಮ್ಮ ಅಂಕಣ ಚೆನ್ನಾಗಿತ್ತು' ಅಂದರೆ ಅವತ್ತಿಡೀ ನನ್ನ ಕಾಲು ನೆಲಕ್ಕೆ ತಾಗುವುದಿಲ್ಲ. ಸಂಬಳಕ್ಕಷ್ಟೇ ಯಾರೂ ಒಂದು ಕೆಲಸವನ್ನು ಎರಡನೇ ಸಲ ತಿದ್ದಿ ಚೆಂದ ಮಾಡುವುದಿಲ್ಲ. ಯಾರೋ ಗಮನಿಸುತ್ತಾರೆ ಅನ್ನುವ ನಂಬಿಕೆ ಅದನ್ನು ಮಾಡಿಸುತ್ತದೆ. ಕೋಪ ಬರುವುದು ಈ ನಂಬಿಕೆಯ ಮೇಲೆ ವ್ಯಾಪಾರಕ್ಕೆ ಕೂತವರನ್ನು ಕಂಡಾಗ.

ಅವರ ಕೈಯಲ್ಲಿ ಶಾಸ್ತ್ರವೂ ಇದೆ. ಫ್ರೆಡರಿಕ್ ಹರ್ಜ್‌ಬರ್ಗ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ ಮತ್ತು ಜತೆಗಾರರು ಸುಮಾರು 200 ಇಂಜಿನಿಯರ್ ಮತ್ತು ಅಕೌಂಟೆಂಟ್‌ಗಳನ್ನು ಮಾತಾಡಿಸಿ, ಕೆಲಸದಲ್ಲಿ ಯಾವಾಗ ಖುಷಿಯಾಯಿತು, ಯಾವಾಗ ಬೇಸರವಾಯಿತು ಅಂತ ಕೇಳಿ, 1959ರಲ್ಲಿ ಅದನ್ನು ಪ್ರಕಟಿಸಿದರು. ಖುಷಿಯ ಕಡೆ ಸಾಧನೆ, ಮನ್ನಣೆ ಇವೆಲ್ಲ ಬಂದವು. ಬೇಸರದ ಕಡೆ ಕಂಪನಿಯ ನೀತಿ, ಮೇಲಧಿಕಾರಿಯ ವರ್ತನೆ, ಸಂಬಳ. ಟ್ರೈನಿಂಗ್‌ಗಳಲ್ಲಿ ಮೊದಲರ್ಧ ದೊಡ್ಡ ಅಕ್ಷರದಲ್ಲಿ ಸ್ಲೈಡ್‌ಗೆ ಬರುತ್ತದೆ. ಎರಡನೆಯ ಅರ್ಧಕ್ಕೆ ಬರುವಷ್ಟರಲ್ಲಿ ಪಾಪ, ಸಮಯ ಮುಗಿದಿರುತ್ತದೆ.

ಈ ವಿದ್ಯೆಯಲ್ಲಿ ಖಾಸಗಿ ಕಂಪನಿಗಳೇ ಮುಂದು ಅಂದುಕೊಳ್ಳಬೇಡಿ. 'ತಿಂಗಳ ಅತ್ಯುತ್ತಮ ಉದ್ಯೋಗಿ'ಗಳಿಗೆಲ್ಲ ಅಜ್ಜನಂಥವನೊಬ್ಬ ಸೋವಿಯತ್ ದೇಶದಲ್ಲಿದ್ದ. ಅಲೆಕ್ಸಿ ಸ್ತಖಾನೋವ್. ಡಾನ್‌ಬಾಸ್‌ನ ಕಲ್ಲಿದ್ದಲು ಗಣಿ ಕಾರ್ಮಿಕ. 1935ರ ಆಗಸ್ಟ್ ಕೊನೆಯಲ್ಲಿ ಒಂದೇ ಪಾಳಿಯಲ್ಲಿ, ಆರು ಗಂಟೆಯೂ ತುಂಬುವ ಮೊದಲು, 102 ಟನ್ ಕಲ್ಲಿದ್ದಲು ಕಡಿದ ಅಂತ ಸುದ್ದಿಯಾಯಿತು. ಕೋಟಾ ಇದ್ದದ್ದು 7 ಟನ್! ಪತ್ರಿಕೆಗಳು ಕುಣಿದಾಡಿದವು. ಅದೇ ಡಿಸೆಂಬರ್‌ನಲ್ಲಿ ಅಮೆರಿಕದ 'ಟೈಮ್' ಪತ್ರಿಕೆಯ ಮುಖಪುಟದಲ್ಲೂ ಅವನೇ. ನೋಡಿ, ಮೆಚ್ಚುಗೆ ಅಂದರೆ ಹೀಗಿರಬೇಕು. ನಮ್ಮ ಫೋಟೊ ನೋಟಿಸ್ ಬೋರ್ಡ್ ದಾಟಿ ಹೋಗುವುದಿಲ್ಲ.

ಒಂದು ಸಣ್ಣ ವಿಷಯ. ಆವರೆಗೆ ಕಲ್ಲಿದ್ದಲು ಕಡಿಯುವವನೇ ನಡುನಡುವೆ ಕೆಲಸ ನಿಲ್ಲಿಸಿ, ಮೇಲಿನ ಮಣ್ಣು ಕುಸಿಯದಂತೆ ಮರದ ಆಸರೆ ಕೊಡಬೇಕಿತ್ತು. ಆ ರಾತ್ರಿ ಆ ಕೆಲಸಕ್ಕೆ ಅವನ ಹಿಂದೆ ಬೇರೆಯವರಿದ್ದರು. ಅವರು ಇಲ್ಲದಿದ್ದರೆ 102 ಇಲ್ಲ, ಅವನ ತಲೆಯೂ ಭದ್ರವಿಲ್ಲ. ಮುಖಪುಟದಲ್ಲಿ ಅವರಿಗೆ ಜಾಗ ಸಾಲಲಿಲ್ಲ. ಆಮೇಲೇನಾಯಿತು? 1936ರಲ್ಲಿ ಒಂದೊಂದೇ ಉದ್ಯಮದಲ್ಲಿ ಎಲ್ಲರ ಕೋಟಾ ಏರಿಸಿದರು. ಅವನಿಗೆ ಆಗಿದ್ದು ನಿಮಗೇಕೆ ಆಗಲ್ಲ, ಅಲ್ವಾ? ಕೆಲವು ಕಡೆ ಇಂಥ ದಾಖಲೆವೀರರಿಗೆ ಜತೆಗಾರರಿಂದಲೇ ಒದೆ ಬಿತ್ತು. ಒದೆಯುವುದು ತಪ್ಪು, ಸರಿ. ಆದರೆ 'ಸ್ಟಾರ್ ಪರ್ಫಾರ್ಮರ್' ಘೋಷಣೆಯಾದ ಮರುದಿನ ಎಲ್ಲರಿಗೂ ಹೊಸ ಟಾರ್ಗೆಟ್ ಬಂದಾಗ ಆಫೀಸಿನಲ್ಲಿ ಕವಿಯುವ ಮೌನ ನಿಮಗೆ ಗೊತ್ತಲ್ಲ, ಅದು ಅದೇ ಒದೆಯ ಸುಸಂಸ್ಕೃತ ರೂಪ.

1978ರಲ್ಲಿ ಒಂದು ಊರಿಗೇ ಅವನ ಹೆಸರಿಟ್ಟರು. ಅವನು ತೀರಿಕೊಂಡು ಕೆಲವೇ ತಿಂಗಳಾಗಿತ್ತು. ಮನ್ನಣೆ ಕೊಡುವವರಿಗೆ ಸತ್ತವರು ಬಹಳ ಅನುಕೂಲ. ಇನ್‌ಕ್ರಿಮೆಂಟ್ ಕೇಳುವುದಿಲ್ಲ.

ಇನ್ನು ಆಯ್ಕೆ ಹೇಗೆ ನಡೆಯುತ್ತದೆ ನೋಡಿ. ಒಬ್ಬರು ಪರೀಕ್ಷೆ ಮಾಡದೆ ಏನೋ ಬದಲಾಯಿಸಿ ಸರ್ವರ್ ಮಲಗಿಸುತ್ತಾರೆ. ರಾತ್ರಿಯೆಲ್ಲ ಕೂತು ತಾವೇ ಎಬ್ಬಿಸುತ್ತಾರೆ. ಗಂಟೆಗೊಂದು ಮೇಲ್, ಬಾಸ್‌ನ ಬಾಸ್‌ಗೂ ಕಾಪಿ. ಬೆಳಿಗ್ಗೆ ಅವರೇ ಹೀರೋ. ಇನ್ನೊಬ್ಬರು ನೋಡಿಕೊಳ್ಳುವ ಸರ್ವರ್ ಮಲಗುವುದೇ ಇಲ್ಲ. ಯಾಕೆ ಮಲಗುವುದಿಲ್ಲ ಅಂತ ಯಾರಿಗೂ ಗೊತ್ತಿಲ್ಲ, ಕೇಳಿಯೂ ಇಲ್ಲ. ಅಪ್ರೈಸಲ್‌ನಲ್ಲಿ ಅವರಿಗೆ ಸಿಗುವ ಮಾತು: "ಈ ವರ್ಷ ನಿಮ್ಮ ಕಡೆಯಿಂದ ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ವಲ್ಲ?"

ಆಗಲಿಲ್ಲ ಸ್ವಾಮಿ. ಆಗದಂತೆ ನೋಡಿಕೊಂಡಿದ್ದೇ ಅವರ ಕೆಲಸ.

ಸರ್ಟಿಫಿಕೇಟ್‌ನಲ್ಲಿ ಹೆಸರು ತಪ್ಪಾಗಿ ಬರೆಯುವುದು, ವೇದಿಕೆಗೆ ಕರೆದು ಬೇರೆ ವಿಭಾಗದ ಹೆಸರು ಹೇಳುವುದು, ಇವನ್ನೆಲ್ಲ ಜನ ನಕ್ಕು ಸಹಿಸಿಕೊಳ್ಳುತ್ತಾರೆ. ಸಹಿಸಲಾಗದ್ದು ಬೇರೆ. 2023ರ ಜನವರಿಯಲ್ಲಿ ಗೂಗಲ್ 12,000 ಮಂದಿಯನ್ನು ತೆಗೆಯುವುದಾಗಿ ಹೇಳಿತು. ಹತ್ತು, ಹದಿನೈದು ವರ್ಷ ದುಡಿದವರೂ ಅದರಲ್ಲಿದ್ದರು. ಎಷ್ಟೋ ಜನರಿಗೆ ವಿಷಯ ತಿಳಿದಿದ್ದು ಒಂದು ಈಮೇಲ್‌ನಿಂದ, ಇಲ್ಲವೇ ಲಾಗಿನ್ ಆಗದೇ ಹೋದಾಗ. ಅವರಲ್ಲಿ ಶಹಬ್ಬಾಸ್ ಅನ್ನಿಸಿಕೊಳ್ಳದವರು ಯಾರಾದರೂ ಇದ್ದರಾ? ಹೊಗಳಿ ಹೊನ್ನಶೂಲಕ್ಕೇರಿಸುವವರ ಹತ್ತಿರ ಇಳಿಸುವುದಕ್ಕೆ ಏಣಿ ಮಾತ್ರ ಇರುವುದಿಲ್ಲ.

ನಿಜ ಹೇಳಬೇಕೆಂದರೆ ಸಾಕಾಗಿದೆ. ಜನ ಕೇಳುತ್ತಿರುವುದು ಬಹಳ ಕಡಿಮೆ. ಅವರು ಮಾಡಿದ ವರದಿಯನ್ನು ಮೇಲಿನವರ ಮುಂದೆ ಇಡುವಾಗ 'ಇದು ಅವರು ಮಾಡಿದ್ದು' ಅನ್ನಿ. 'ಇದು ಮುರಿಯುತ್ತೆ ಸಾರ್' ಅಂತ ಅವರು ಹೇಳಿದಾಗ, ಮುರಿಯುವ ಮುಂಚೆ ಕಿವಿ ಕೊಡಿ. ಇಬ್ಬರ ಕೆಲಸವನ್ನು ಒಬ್ಬರ ಮೇಲೆ ಹೇರಿ, ಅದಕ್ಕೆ 'ನಿಮ್ಮ ಮೇಲೆ ನಮಗಿರುವ ವಿಶ್ವಾಸ' ಅಂತ ಹೆಸರಿಡಬೇಡಿ. ಇಷ್ಟಕ್ಕೆ ಆ್ಯಪ್ ಬೇಕಾಗಿಲ್ಲ, ಬಜೆಟ್ಟೂ ಬೇಕಾಗಿಲ್ಲ. ತಮ್ಮ ಕೆಳಗೆ ದುಡಿಯುವವರು ದಿನವಿಡೀ ಏನು ಮಾಡುತ್ತಾರೆ ಅನ್ನುವುದು ಮೇಲಿನವರಿಗೆ ಗೊತ್ತಿರಬೇಕು, ಅಷ್ಟೇ. ಅದು ಗೊತ್ತಿಲ್ಲದ್ದಕ್ಕೇ ಅಲ್ವಾ ಈ ಆ್ಯಪ್ ಕೊಂಡಿದ್ದು?