ಟಿಪ್ಪರ್ ತುಳಿದ ರಸ್ತೆಗೆ ಯಾರು ಹಣ ಕಟ್ಟಬೇಕು?

ಪ್ರಶ್ನೆ ಇಷ್ಟೇ. ಕಲಬುರಗಿ ಜಿಲ್ಲೆಯಲ್ಲಿ ಗಣಿ, ಸಿಮೆಂಟ್, ವಿದ್ಯುತ್ ಕಂಪನಿಗಳು ಊರ ರಸ್ತೆಗೆ ಭಾರೀ ಲಾರಿ ಇಳಿಸುವ ಮೊದಲು ಠೇವಣಿ ಇಟ್ಟು, ರಸ್ತೆ ಹಾಳಾದರೆ ದುರಸ್ತಿ ಮಾಡಿಸುವ ಒಪ್ಪಂದಕ್ಕೆ ಸಹಿ ಹಾಕಬೇಕು ಅನ್ನುವ ನಿಯಮ ಬೇಕಾ, ಬೇಡವಾ?

ಪರ: ಮೊದಲು ಠೇವಣಿ, ಆಮೇಲೆ ಲಾರಿ

ನಮ್ಮೂರು ಸೇಡಂ ತಾಲ್ಲೂಕಿನಲ್ಲಿದೆ. ಊರಿನ ರಸ್ತೆ ಗ್ರಾಮ ಸಡಕ್ ಯೋಜನೆಯಲ್ಲಿ ಆದದ್ದು, ಡಾಂಬರಿನ ಅಗಲ 3.75 ಮೀಟರ್. ಒಂದು ಟಿಪ್ಪರ್ ಸುಮಾರು ಎರಡೂವರೆ ಮೀಟರ್ ಅಗಲ ಇರುತ್ತದೆ. ಎದುರಿಗೆ ಎತ್ತಿನ ಬಂಡಿ ಬಂದರೆ ಒಬ್ಬರು ಕೆಳಗಿಳಿಯಲೇಬೇಕು, ಯಾವತ್ತೂ ಇಳಿಯುವುದು ಬಂಡಿಯೇ. ಎರಡು ಟಿಪ್ಪರ್ ಎದುರಾದರೆ ರಸ್ತೆಯ ಅಂಚೇ ಹೋಗುತ್ತದೆ. ನಮ್ಮದು ಎರೆ ಭೂಮಿ ನೋಡಿ. ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅಂಚು ಒಡೆದ ಕಡೆ ನೀರು ಒಳಗೆ ಇಳಿಯಿತು ಅಂದರೆ ಒಂದೇ ಮಳೆಗಾಲದಲ್ಲಿ ಡಾಂಬರು ತಟ್ಟೆ ತಟ್ಟೆಯಾಗಿ ಎದ್ದು ಬರುತ್ತದೆ.

ಹೋದ ವರ್ಷ ನನ್ನ ಅಕ್ಕನ ಮಗಳು ಸೈಕಲ್ ಮೇಲೆ ಶಾಲೆಗೆ ಹೋಗುವಾಗ ಇಂಥ ಒಂದು ಅಂಚಿನಿಂದ ಜಾರಿ ಬಿದ್ದು ಮೊಣಕೈ ಮುರಿದುಕೊಂಡಳು. ಹಿಂದೆ ಲಾರಿ ಇತ್ತು. ಡ್ರೈವರ್ ಬ್ರೇಕ್ ಹಾಕಿದ, ದೇವರು ದೊಡ್ಡವನು. ಆದರೆ ರಸ್ತೆ ಯಾಕೆ ಹೀಗಿದೆ ಎಂದು ಕೇಳಲು ಹೋದರೆ ಪಂಚಾಯಿತಿಯವರು ಎಂಜಿನಿಯರ್ ಕಡೆ ಕೈ ತೋರಿಸಿದರು, ಎಂಜಿನಿಯರ್ ಕಂಪನಿ ಕಡೆ, ಕಂಪನಿಯವರು ಸಾಗಣೆ ಗುತ್ತಿಗೆದಾರನ ಕಡೆ. ಯಾರ ಸಹಿಯೂ ಯಾವ ಕಾಗದದ ಮೇಲೂ ಇಲ್ಲ. ಅದಕ್ಕೇ ನಾನು ಒಪ್ಪಂದ ಬೇಕು ಅನ್ನುತ್ತಿರುವುದು.

ಎಲ್ಲರೂ ತೆರಿಗೆ ಕಟ್ಟುತ್ತಾರೆ, ರಸ್ತೆ ಎಲ್ಲರದ್ದು ಅನ್ನುವ ಮಾತು ಕೇಳಲು ಚೆಂದ. ಹಾನಿಯ ಲೆಕ್ಕ ಮಾತ್ರ ಹಾಗಿಲ್ಲ. ಅಮೆರಿಕದಲ್ಲಿ 1950ರ ದಶಕದ ಕೊನೆಗೆ ಟೆಸ್ಟ್ ರಸ್ತೆ ಮಾಡಿ, ಅದರ ಮೇಲೆ ಲಾರಿ ಓಡಿಸಿ ಪರೀಕ್ಷಿಸಿದಾಗ ಸಿಕ್ಕ ಲೆಕ್ಕವನ್ನು ಎಂಜಿನಿಯರುಗಳು ಇವತ್ತಿಗೂ ಬಳಸುತ್ತಾರೆ. ಒಂದು ಆ್ಯಕ್ಸಲ್ (ಚಕ್ರಗಳ ಅಚ್ಚು) ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಬೀಳುವ ಪೆಟ್ಟು ಸುಮಾರು 16 ಪಟ್ಟು. ಬರೀ 20% ಹೆಚ್ಚು ತುಂಬಿದರೂ ಪೆಟ್ಟು ದುಪ್ಪಟ್ಟು! ತೊಗರಿ ಹೊತ್ತು ಗಂಜ್‌ಗೆ ಹೋಗುವ ನಮ್ಮ ಟ್ರ್ಯಾಕ್ಟರನ್ನೂ ದಿನಕ್ಕೆ ಹತ್ತಾರು ಸಲ ಸುಣ್ಣದ ಕಲ್ಲು ಹೊರುವ ಟಿಪ್ಪರನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ.

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಗ್ಯಾಸ್ ಬಾವಿ ತೋಡುವ ಕಂಪನಿಗಳು ಭಾರಮಿತಿ ಇರುವ ರಸ್ತೆಯಲ್ಲಿ ಹೆಚ್ಚು ಭಾರದ ಲಾರಿ ಓಡಿಸಬೇಕಾದರೆ ದುರಸ್ತಿಯ ಒಪ್ಪಂದ ಮಾಡಿಕೊಂಡು, ಡಾಂಬರು ರಸ್ತೆಗೆ ಮೈಲಿಗೆ 12,500 ಡಾಲರ್ ಭದ್ರತೆ ಕೊಡಬೇಕು. ಇಲ್ಲೂ ಹಾಗೇ ಆಗಲಿ. ಲಾರಿ ಇಳಿಯುವ ಮೊದಲು ರಸ್ತೆಯ ವಿಡಿಯೋ ಮಾಡಿ ಇಡಲಿ. ಯಾವ ದಾರಿ, ದಿನಕ್ಕೆ ಎಷ್ಟು ಲಾರಿ ಎಂದು ಬರೆದುಕೊಡಲಿ. ಶಾಲೆ ಶುರುವಾಗುವ, ಬಿಡುವ ಹೊತ್ತಿಗೆ ಲಾರಿ ನಿಲ್ಲಲಿ. ಇದಕ್ಕೆ ಹೊಸ ಕಾನೂನೂ ಬೇಡ, ಮೋಟಾರು ವಾಹನ ಕಾಯ್ದೆಯ 115ನೇ ಕಲಂ ಸುರಕ್ಷತೆಗಾಗಿ ವಾಹನ ನಿರ್ಬಂಧಿಸುವ ಅಧಿಕಾರ ಕೊಟ್ಟೇ ಇದೆ. ಟಾರ್ಪಾಲ್ ಇಲ್ಲದೆ ಲಾರಿ ಗೇಟು ದಾಟಬಾರದು. ತೊಗರಿ ಹೂ ಬಿಡುವ ಹೊತ್ತಿಗೆ ರಸ್ತೆ ಪಕ್ಕದ ಹೊಲಗಳನ್ನು ಒಮ್ಮೆ ಬಂದು ನೋಡಿ, ಎಲೆ ಯಾವುದು ಧೂಳು ಯಾವುದು ಗೊತ್ತಾಗುವುದಿಲ್ಲ.

ಕಾರ್ಖಾನೆ ಬೇಡ ಅಂತ ನಾನು ಹೇಳುತ್ತಿಲ್ಲ. ನಮ್ಮ ಮನೆಯಲ್ಲೇ ಇಬ್ಬರು ಅಲ್ಲಿ ದುಡಿಯುತ್ತಾರೆ. ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿಯ ದುಡ್ಡಿನಲ್ಲಿ ಒಂದು ರಸ್ತೆ ಮಾಡುವುದು, ಎರಡು ವರ್ಷದಲ್ಲಿ ಅದು ಹಾಳಾಗುವುದು, ಮತ್ತೆ ಅದೇ ದುಡ್ಡಿನಲ್ಲಿ ಅದೇ ರಸ್ತೆ ಮಾಡುವುದು, ಇದು ಸಾಕಾಗಿದೆ. ಆ ದುಡ್ಡಿಗೆ ಒಂದು ಹೊಸ ಶಾಲಾ ಕೋಣೆ ಆಗುತ್ತಿತ್ತು, ಅಲ್ವಾ?

ವಿರೋಧ: ರಸ್ತೆಯನ್ನು ಕಂಪನಿ ಕೈಗೆ ಕೊಡಬೇಡಿ

ನಾನು ಶಹಾಬಾದಿನವನು. ತಮ್ಮನದು ಒಂದು ಟಿಪ್ಪರ್ ಇದೆ, ಸಾಲದ ಮೇಲೆ ತಗೊಂಡದ್ದು. ಮೇಲೆ ಬರೆದವರ ನೋವು ನಿಜ, ಅದರ ಬಗ್ಗೆ ನನ್ನ ತಕರಾರಿಲ್ಲ. ಅವರು ಹೇಳುವ ಮದ್ದು ಮಾತ್ರ ಸರಿ ಅನಿಸುವುದಿಲ್ಲ.

ದುಡ್ಡು ಆಗಲೇ ಕಟ್ಟಿಸಿಕೊಳ್ಳುತ್ತಿದ್ದಾರೆ. 2015ರಲ್ಲಿ ಗಣಿ ಕಾನೂನು ತಿದ್ದಿ ಜಿಲ್ಲಾ ಖನಿಜ ಪ್ರತಿಷ್ಠಾನ ಮಾಡಿದ್ದೇ ಗಣಿಯಿಂದ ತೊಂದರೆಯಾದ ಊರುಗಳಿಗಾಗಿ, ರಸ್ತೆಯೂ ಅದರಲ್ಲಿ ಬರುತ್ತದೆ. ಸಿಮೆಂಟಿಗೆ ಹೋಗುವ ಸುಣ್ಣದ ಕಲ್ಲಿನ ರಾಜಧನ (ಸರ್ಕಾರಕ್ಕೆ ಕಟ್ಟುವ ರಾಯಲ್ಟಿ) ಟನ್‌ಗೆ 80 ರೂಪಾಯಿ. 2015ಕ್ಕೂ ಹಿಂದಿನ ಗಣಿ ಗುತ್ತಿಗೆಯಾದರೆ ಅದರ 30%ರಷ್ಟು, ಅಂದರೆ 24 ರೂಪಾಯಿ, ರಾಜಧನದ ಜೊತೆಗೆ ಪ್ರತಿಷ್ಠಾನಕ್ಕೆ ಹೋಗಬೇಕು. ಹತ್ತು ಲಕ್ಷ ಟನ್ ತೆಗೆದರೆ 2.4 ಕೋಟಿ. ಹರಾಜಿನಲ್ಲಿ ಪಡೆದ ಹೊಸ ಗಣಿಗೆ 10% ಮಾತ್ರ, ಜಗಳ ಆಡುವುದಾದರೆ ಅಲ್ಲಿ ಆಡೋಣ. ಇರುವ ಹುಂಡಿಯ ಲೆಕ್ಕ ಕೇಳದೆ ಇನ್ನೊಂದು ಹುಂಡಿ ಯಾಕೆ ಇಡಬೇಕು?

ಪೆನ್ಸಿಲ್ವೇನಿಯಾದ ಆ ದರ ಹಲವು ದಶಕಗಳ ಹಿಂದೆ ನಿಗದಿಯಾದದ್ದು ಅನ್ನುವುದನ್ನೂ ಹೇಳಬೇಕಿತ್ತು. ಠೇವಣಿಯ ಮೊತ್ತ ಕಾಗದದ ಮೇಲೆ ಹಾಗೇ ಕೂತಿರುತ್ತದೆ, ಡಾಂಬರಿನ ಬೆಲೆ ಏರುತ್ತಲೇ ಹೋಗುತ್ತದೆ.

ನನ್ನ ದೊಡ್ಡ ಭಯ ಬೇರೆ. ಕಂಪನಿ ದುಡ್ಡಿನಲ್ಲಿ ದುರಸ್ತಿಯಾದ ರಸ್ತೆ ನಿಧಾನಕ್ಕೆ ಕಂಪನಿ ರಸ್ತೆಯೇ ಆಗುತ್ತದೆ. ಗೇಟಿನ ತನಕ ನುಣ್ಣಗೆ, ಅದರಾಚೆ ಊರಿಗೆ ಹೋಗುವ ಒಂದು ಕಿಲೋಮೀಟರ್ ಹಾಗೇ ಗುಂಡಿ. ದೂರು ಕೊಡಲು ಎಂಜಿನಿಯರ್ ಬದಲು ಸೆಕ್ಯುರಿಟಿಯವನ ಮುಂದೆ ನಿಲ್ಲಬೇಕಾಗುತ್ತದೆ. ಇವತ್ತು ಜನ ಅಡ್ಡ ನಿಂತರೆ ಲಾರಿ ನಿಲ್ಲುತ್ತದೆ. ಠೇವಣಿ ಕಟ್ಟಿದ ಮೇಲೆ "ನಾವು ದುಡ್ಡು ಕಟ್ಟಿದ್ದೇವೆ, ಇದು ನಮ್ಮ ದಾರಿ" ಅನ್ನುತ್ತಾರೆ, ಪೊಲೀಸರೂ ಅದನ್ನೇ ಹೇಳುತ್ತಾರೆ. ರಸ್ತೆ ಸರ್ಕಾರದ್ದು. ಅದರ ಜವಾಬ್ದಾರಿಯನ್ನು ಸರ್ಕಾರವೇ ಹೊರಬೇಕು.

ಇನ್ನು ಸಣ್ಣವರ ಗತಿ. ದೊಡ್ಡ ಕಾರ್ಖಾನೆಗಳಿಗೆ ಒಳಗೇ ಬರುವ ರೈಲು ಸೈಡಿಂಗ್ ಇದೆ, ಕಲ್ಲು ಸಾಗಿಸುವ ಬೆಲ್ಟ್ ಹಾಕಿಕೊಳ್ಳುವ ತಾಕತ್ತೂ ಇದೆ. ಶಹಾಬಾದ್, ಚಿತ್ತಾಪುರ ಕಡೆ ಫರಸಿ (ನೆಲಹಾಸಿನ ಕಲ್ಲು) ಖಣಿ ಇಟ್ಟುಕೊಂಡವರಿಗೆ ಏನಿದೆ? ಪದರ ಪದರವಾಗಿ ಕಲ್ಲು ಎಬ್ಬಿಸಿ, ಪಾಲಿಶ್ ಮಾಡಿ, ಒಂದು ಲಾರಿ ಲೋಡ್ ಆಗುವ ತನಕ ಕಾಯುವವರು ಅವರು. ಅವರೂ ಠೇವಣಿ ಕಟ್ಟಬೇಕಾ? ದೊಡ್ಡ ಕಂಪನಿ ಕಟ್ಟಿದರೂ ಅದು ಟಿಪ್ಪರ್ ಬಾಡಿಗೆಯಲ್ಲೇ ಮುರಿದುಕೊಳ್ಳುತ್ತದೆ. ಡೀಸೆಲ್ ದರ ಏರಿದಾಗಲೂ ಬಾಡಿಗೆ ಹೆಚ್ಚಿಸದವರು ಠೇವಣಿಯನ್ನು ತಮ್ಮ ಜೇಬಿನಿಂದ ಕೊಡುತ್ತಾರೆ ಅಂತ ನಾನು ನಂಬುವುದಿಲ್ಲ.

2018ರಲ್ಲಿ ಕೇಂದ್ರ ಸರ್ಕಾರವೇ ಹತ್ತು ಚಕ್ರದ ಲಾರಿಯ ಒಟ್ಟು ತೂಕವನ್ನು 25 ಟನ್‌ನಿಂದ 28.5 ಟನ್‌ಗೆ ಏರಿಸಿತು. ಊರ ರಸ್ತೆಗಳು ಹಳೆಯವೇ ಉಳಿದವು. ಅದಕ್ಕೂ ಮೀರಿ ತುಂಬಿದರೆ ಮೋಟಾರು ವಾಹನ ಕಾಯ್ದೆಯ 194ನೇ ಕಲಂ ಪ್ರಕಾರ 20,000 ರೂಪಾಯಿ ದಂಡ, ಹೆಚ್ಚಿನ ಪ್ರತಿ ಟನ್‌ಗೆ ಮತ್ತೆ 2,000. ಓಡಿಸಿದವನಷ್ಟೇ ಅಲ್ಲ, ಓಡಿಸಲು ಬಿಟ್ಟವನೂ ಹೊಣೆ ಅಂತ ಕಾನೂನೇ ಹೇಳುತ್ತದೆ. ಆದರೆ ರಸ್ತೆಯಲ್ಲಿ ಸಿಕ್ಕಿಬೀಳುವುದು ನನ್ನ ತಮ್ಮನಂಥವರು. ತುಂಬಿ ಕಳಿಸಿದವರ ಹೆಸರು ಚಲನ್‌ನಲ್ಲಿ ಬಂದದ್ದನ್ನು ನಾನಂತೂ ನೋಡಿಲ್ಲ.

ಪ್ರತಿ ಲಾರಿಯೂ ಕಂಪನಿ ಗೇಟಿನ ಹತ್ತಿರ ಕಾಟಾ (ಲಾರಿ ತೂಗುವ ತಕ್ಕಡಿ) ಹತ್ತಿಯೇ ಹೊರಗೆ ಬರುತ್ತದೆ. ಚೀಟಿಯಲ್ಲಿ ತೂಕ ಬರೆದಿರುತ್ತದೆ. ಆರ್‌ಟಿಓ ಕಚೇರಿಯ ಒಬ್ಬರನ್ನು ಆ ಕಾಟಾ ಪಕ್ಕ ಕೂರಿಸಿ. ಹೆಚ್ಚಾದ ಕಲ್ಲನ್ನು ಅಲ್ಲೇ, ಕಂಪನಿಯ ಅಂಗಳದಲ್ಲೇ, ಇಳಿಸಲಿ.