ಬಾಲ ಬಿಟ್ಟ ಅಕ್ಷರಗಳು

ದಸರೆ ಸಮೀಪಿಸಿತೆಂದರೆ ಮೈಸೂರಿನಲ್ಲಿ ರಸ್ತೆಗಳಿಗೆ ತೇಪೆ, ಕಾಂಪೌಂಡುಗಳಿಗೆ ಸುಣ್ಣ ಮತ್ತು ಈಚೀಚೆಗೆ ಅಕ್ಷರಗಳಿಗೆ ಅಲಂಕಾರದ ಬಾಲ ಹಚ್ಚುವ ಸಂಪ್ರದಾಯ ಬೆಳೆದು ಬಂದಿದೆ. ಪಾರಂಪರಿಕ ನಗರದ ಫಲಕಗಳೂ ಪಾರಂಪರಿಕವಾಗಿಯೇ ಕಾಣಬೇಕೆಂಬುದು ಸಂಬಂಧಪಟ್ಟವರ ಆಶಯ. ಯಾವುದನ್ನು ಓದಲಾಗದೋ ಅದೇ ಪಾರಂಪರಿಕ ಎಂಬುದು ಅವರ ಸಿದ್ಧಾಂತ. ಹಳಗನ್ನಡದ ಶಾಸನದ ಮುಂದೆ ತಲೆ ಕೆರೆದುಕೊಂಡು ನಿಂತವರು ಇದನ್ನು ಅಲ್ಲಗಳೆಯಲಾರರು. ಹೀಗಾಗಿ ವಾಹನ ನಿಲುಗಡೆಯಿಂದ ಶೌಚಾಲಯದವರೆಗಿನ ಎಲ್ಲ ಸೂಚನೆಗಳೂ ಈಗ ಮದುವೆಯ ಆಮಂತ್ರಣದ ಬಳುಕು ಲಿಪಿಯಲ್ಲಿವೆ.

ಇಂತಹ ಫಾಂಟುಗಳ ತವರು ಯುರೋಪು. ಬ್ರಿಟನ್ನಿನ ಅಕ್ಷರ ವಿನ್ಯಾಸಕ ಮ್ಯಾಥ್ಯೂ ಕಾರ್ಟರ್ 1960ರ ದಶಕದಲ್ಲಿ ರೂಪಿಸಿದ ಫಾಂಟು ಸ್ನೆಲ್ ರೌಂಡ್‌ಹ್ಯಾಂಡ್, ಹಿಂದಿನ ಶತಮಾನಗಳ ಬರವಣಿಗೆಯ ಗುರು ಚಾರ್ಲ್ಸ್ ಸ್ನೆಲ್ ಅವರ ಕೈಬರಹವನ್ನು ಆಧರಿಸಿದ್ದು. ಜರ್ಮನಿಯ ಹರ್ಮನ್ ಝಾಫ್ 1998ರ ಝಾಫಿನೊ ಫಾಂಟಿನಲ್ಲಿ ಒಂದೇ ಅಕ್ಷರಕ್ಕೆ ಹಲವು ರೂಪಗಳನ್ನು ಒದಗಿಸಿದ್ದರಿಂದ, ಪದದ ಯಾವ ಎಡೆಯಲ್ಲಿ ಗೆರೆ ಬೀಸಬೇಕು, ಎಲ್ಲಿ ಸುಮ್ಮನಿರಬೇಕು ಎಂಬ ವಿವೇಚನೆ ಫಾಂಟು ಬಳಸುವವರಿಗೆ ಬಿಟ್ಟ ವಿಷಯವಾಯಿತು. ಇಂಗ್ಲಿಷಿನಲ್ಲಿ ಈ ವೈಭವವೆಲ್ಲ ಹೆಚ್ಚಾಗಿ ಪದದ ಮೊದಲ ದೊಡ್ಡಕ್ಷರಕ್ಕೆ ಸಲ್ಲುತ್ತದೆ. ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವಿಲ್ಲದ ಕಾರಣ, ನಮ್ಮ ಫ್ಲೆಕ್ಸ್ ಅಂಗಡಿಗಳು ಸಾಮಾಜಿಕ ನ್ಯಾಯವನ್ನು ಎತ್ತಿಹಿಡಿದು ಎಲ್ಲ ಅಕ್ಷರಗಳಿಗೂ ಸಮಾನವಾಗಿ ಬಾಲ ಹಂಚಿವೆ.

ಪರಿಣಾಮಗಳು ರೋಚಕವಾಗಿವೆ. ಬಲಕ್ಕೆ ಬೀಸಿದ ಬಾಲವು ಕೊಂಬಿನಂತೆ ಕಾಣುವುದರಿಂದ ಪ್ರತಿ ಪದವೂ ಉಕಾರಾಂತವಾಗಿದೆ. ನಮ್ಮ ಮಾತಿನಲ್ಲಿ ಬಸ್ಸು, ಕಾರು, ರೋಡುಗಳು ಮೊದಲೇ ಹಾಗಿದ್ದುದರಿಂದ ಯಾರೂ ತಕರಾರು ಮಾಡಿಲ್ಲ. ಕೆಳಕ್ಕೆ ಇಳಿದ ಬಾಲವು ಒತ್ತಕ್ಷರದ ಜಾಗವನ್ನು ಒತ್ತುವರಿ ಮಾಡಿ, ಮುಂದಿನ ಸಾಲಿನ ತಲೆಕಟ್ಟಿನ ಮೇಲೆ ಕುಳಿತಿದೆ. ಮಹಾಪ್ರಾಣವನ್ನು ತಿಳಿಸುವ ಪುಟ್ಟ ಸೀಳು ಈ ಸಿಂಗಾರದಲ್ಲಿ ಕಣ್ಮರೆಯಾದುದರಿಂದ, ಧನಸಹಾಯದ ಫಲಕವೊಂದು ದನಗಳಿಗೆ ಭರವಸೆ ನೀಡುತ್ತ ನಿಂತಿದೆ.

ಹಿಂದೆ ಬೋರ್ಡು ಬರೆಯುತ್ತಿದ್ದ ಪೇಂಟರುಗಳೂ ಬಳ್ಳಿ ಎಳೆಯುತ್ತಿದ್ದರು; ಆದರೆ ಏಣಿಯಿಂದಿಳಿದು, ರಸ್ತೆ ದಾಟಿ, ಎದುರಿನ ಅಂಗಡಿಯ ಮುಂದೆ ನಿಂತು ಓದಲು ಬರುತ್ತದೆಯೇ ಎಂದು ನೋಡುವ ಕೆಟ್ಟ ಚಟ ಅವರಿಗಿತ್ತು. ಕಂಪ್ಯೂಟರ್ ಪರದೆಯನ್ನು ಒಂದು ಗೇಣು ದೂರದಿಂದ ನೋಡುವವರಿಗೆ ಆ ಶ್ರಮ ತಪ್ಪಿದೆ.

ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡವಿರಬೇಕೆಂದು ರಾಜ್ಯದ ಕನ್ನಡ ಭಾಷಾ ಕಾಯ್ದೆಯ 2024ರ ತಿದ್ದುಪಡಿ ಹೇಳಿತಷ್ಟೆ. ಬಾಲವನ್ನೂ ಕನ್ನಡದ ಲೆಕ್ಕಕ್ಕೆ ಸೇರಿಸಿದರೆ ಸಯ್ಯಾಜಿ ರಾವ್ ರಸ್ತೆಯ ಕೆಲವು ಅಂಗಡಿಗಳು ಈ ಮಿತಿಯನ್ನು ಸುಖವಾಗಿ ದಾಟಿವೆ.

ಓದಲಾಗದವರ ಅನುಕೂಲಕ್ಕಾಗಿ ಕಚೇರಿಯೊಂದರ ಫಲಕದ ಬುಡದಲ್ಲಿ ಗೃಹರಕ್ಷಕರೊಬ್ಬರನ್ನು ನಿಲ್ಲಿಸಲಾಗಿದೆ. ‘ಏನ್ ಬರ್ದೈತೆ ಸಾರ್ ಇಲ್ಲಿ?’ ಎಂದು ಮಂಡ್ಯದ ಕಡೆಯ ಹಿರಿಯರೊಬ್ಬರು ಕೇಳಿದರೆ, ‘ಸೀದಾ ಹೋಗಿ ಯಜಮಾನ್ರೇ, ಎಡಕ್ಕೆ’ ಎಂದು ಫಲಕದ ಕಡೆ ಕಣ್ಣೆತ್ತದೆ ಉತ್ತರಿಸುತ್ತಾರೆ. ಅವರ ಗಂಟಲು ಕಟ್ಟಿದ ದಿನ ಯಾರೋ ಗುಮಾಸ್ತರು ‘ನುಡಿ’ ತಂತ್ರಾಂಶದ ಸಾದಾ ಅಕ್ಷರದಲ್ಲಿ ‘ಶೌಚಾಲಯ’ ಎಂದು ಬಿಳಿ ಹಾಳೆಯಲ್ಲಿ ಮುದ್ರಿಸಿ, ಗಮ್ ಟೇಪಿನಿಂದ ಅಂಟಿಸಿದರು. ಜನ ಸರಾಗವಾಗಿ ಹೋಗಿಬಂದರು. ಪಾರಂಪರಿಕ ಸೌಂದರ್ಯಕ್ಕೆ ಧಕ್ಕೆಯಾಗಿದೆಯೆಂದು ಆ ಗುಮಾಸ್ತರಿಗೆ ನೋಟಿಸು ಹೋಗಿದ್ದು, ಅದನ್ನೂ ಬಳುಕು ಲಿಪಿಯಲ್ಲೇ ಮುದ್ರಿಸಿರುವುದರಿಂದ ಅವರು ಬಡ್ತಿಯ ಆದೇಶವೆಂದು ತಿಳಿದು ಕಚೇರಿಗೆಲ್ಲ ಮೈಸೂರು ಪಾಕು ಹಂಚಿದ್ದಾರೆ.